ಹಿತ್ತಲ ಗಿಡದ ಗುರುತು ಮತ್ತು ಅತ್ತೆಯ ಚಿಲಕ

ಗೊತ್ತಿರುವ ಗಿಡವನ್ನು ಕೀಳುವುದು ಮನೆಗೆಲಸ. ಗೊತ್ತಿಲ್ಲದ ಗಿಡವನ್ನು ಕೀಳುವುದು ಅಪರಾಧ. ಈ ವ್ಯತ್ಯಾಸವನ್ನು ಕಾಯುವುದಕ್ಕಾಗಿಯೇ ನಮ್ಮ ಊರಿನಲ್ಲಿ ಸಸ್ಯ ಗುರುತು ಇಲಾಖೆ ಇದೆ. ಅದರ ಬಾಗಿಲು ಬೆಳಿಗ್ಗೆ ಸಮಯಕ್ಕೆ ಸರಿಯಾಗಿ ತೆರೆಯುತ್ತದೆ. ಒಳಗೆ ಯಾರಾದರೂ ಇರುತ್ತಾರೆಯೇ ಎಂಬುದು ಬೇರೆ ವಿಷಯ.

ನಮ್ಮ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬೆಳೆದಿದ್ದ ಗಿಡ ಮೊಣಕಾಲೆತ್ತರ ಇತ್ತು. ಅಗಲವಾದ ಎಲೆ, ಗರಗಸದಂತಹ ಅಂಚು, ಎಲೆಯ ಬೆನ್ನಿಗೆ ಸಣ್ಣ ತುಪ್ಪಳ. ಹೂವಿಲ್ಲ, ಕಾಯಿಲ್ಲ, ಮೂಸಿದರೆ ವಾಸನೆಯೂ ಇಲ್ಲ. ಯಾರೂ ನೆಟ್ಟದ್ದಲ್ಲ. ಅದು ಅಲ್ಲಿದೆ ಎಂದು ನಮಗೆ ಗೊತ್ತಾದದ್ದೇ ಅತ್ತೆಯ ಸೊಂಟದ ಮೂಳೆ ಮುರಿದ ಮೇಲೆ.

ಅತ್ತೆ ಮೆಟ್ಟಿಲಿನಿಂದ ಜಾರಿ ಬಿದ್ದರು. ಮೂಳೆ ಕೂಡಿತು. ಆದರೆ ಇನ್ನು ಮುಂದೆ ಮೆಟ್ಟಿಲು ಹತ್ತಕೂಡದು ಎಂದು ಡಾಕ್ಟರು ಹೇಳಿದರು. ನಮ್ಮ ಮಲಗುವ ಕೋಣೆಗಳೂ ಬಚ್ಚಲೂ ಮೇಲಂತಸ್ತಿನಲ್ಲಿವೆ; ಕೆಳಗಿರುವುದು ಅಡುಗೆಮನೆ ಮತ್ತು ಡ್ರಾಯಿಂಗ್ ರೂಮು. ಹೀಗಾಗಿ ಅತ್ತೆಯ ಮಂಚವನ್ನು ಡ್ರಾಯಿಂಗ್ ರೂಮಿನಲ್ಲಿ, ಗಾಜಿನ ಷೋಕೇಸಿನ ಎದುರಿಗೆ ಹಾಕಬೇಕಾಯಿತು. ಮಂಚದ ಪಕ್ಕದಲ್ಲಿ ಆಸ್ಪತ್ರೆಯವರು ಕೊಟ್ಟ, ನಡುವೆ ತೂತಿರುವ ಕುರ್ಚಿ. ಕುರ್ಚಿಯ ಸುತ್ತ ಒಂದು ಪರದೆ. ಆ ಪರದೆ ನೆಲದಿಂದ ಗೇಣುದ್ದ ಮೇಲಕ್ಕೇ ನಿಲ್ಲುತ್ತಿತ್ತು. ನಮ್ಮ ಮನೆಗೆ ಬರುವವರು ಸಭ್ಯರು. ಅತ್ತೆ ಪರದೆಯ ಹಿಂದಿರುವಾಗ ಅವರು ಷೋಕೇಸಿನಲ್ಲಿರುವ ಗಾಜಿನ ಹಂಸಗಳನ್ನು ನೋಡುತ್ತಾ ಕುಳಿತಿರುತ್ತಿದ್ದರು. ಆ ಹಂಸಗಳಿಗೆ ಅಷ್ಟು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

"ನನಗೆ ಬೇರೇನೂ ಬೇಡ ಮಗನೇ," ಎಂದರು ಅತ್ತೆ, ನಮ್ಮ ಯಜಮಾನರಿಗೆ. "ಒಳಗಿಂದ ಚಿಲಕ ಹಾಕ್ಕೊಳ್ಳೋ ಒಂದು ಬಾಗಿಲು ಮಾಡಿಸಿಕೊಡು. ಬಾಗಿಲ ಹಿಂದೆ ಎಷ್ಟು ಜಾಗ ಇದ್ರೂ ಸಾಕು. ಈ ವಯಸ್ಸಲ್ಲಿ ನನ್ನ ಪಾದ ನೋಡಿ ನಾನು ಏನ್ ಮಾಡ್ತಿದ್ದೀನಿ ಅಂತ ಊರಿಗೆಲ್ಲ ತಿಳೀಬೇಕಾ?"

ಮಾತು ನ್ಯಾಯವಾಗಿತ್ತು. ಮನೆಯ ಹಿಂಭಾಗದಲ್ಲಿ ಬಚ್ಚಲು ಸಹಿತ ಒಂದು ಕೋಣೆ ಕಟ್ಟಿಸಲು ಪರವಾನಗಿ ಪಡೆದೆವು. ಮೇಸ್ತ್ರಿ ಪಿಕಾಸಿ ಹಿಡಿದು ಬಂದ. ಹಿತ್ತಲನ್ನು ಒಂದು ಸುತ್ತು ಹಾಕಿ, ಒಗೆಯುವ ಕಲ್ಲಿನ ಹತ್ತಿರ ನಿಂತು ಕೇಳಿದ:

"ಅಮ್ಮಾ, ಇದ್ಯಾವ ಗಿಡ?"

"ಗೊತ್ತಿಲ್ಲ," ಎಂದೆ.

"ನನಗೂ ಗೊತ್ತಿಲ್ಲ ಬಿಡಿ. ಕಿತ್ತು ಹಾಕ್ತೀನಿ."

"ನಿಲ್ಲು," ಎಂದೆ.

ನಾನು ಓದಿದ ಶಾಲೆಯಲ್ಲಿ ಉತ್ತರ ಬರೆಯದೆ ಪ್ರಶ್ನೆಯನ್ನು ಅಳಿಸಲು ಬಿಡುತ್ತಿರಲಿಲ್ಲ. ಮೇಸ್ತ್ರಿ ಕೇಳಿದ್ದಾನೆ, ನಾನು ಗೊತ್ತಿಲ್ಲ ಎಂದಿದ್ದೇನೆ. ಆದ್ದರಿಂದ ಕಾನೂನಿನ ಪ್ರಕಾರ ಆ ಗಿಡ ಆ ಕ್ಷಣದಿಂದ ಅಜ್ಞಾತ. ಅದನ್ನು ಇಲಾಖೆಗೆ ತಿಳಿಸುವುದು ನಾಗರಿಕರ ಕರ್ತವ್ಯ. ಕಿಟಕಿಯಿಂದ ಅತ್ತೆಯ ದನಿ ಕೇಳಿಸಿತು.

"ಎರಡು ಬೆರಳಲ್ಲಿ ಕಿತ್ತು ಬಿಸಾಡೋದಕ್ಕೆ ಏನಮ್ಮ ಇಷ್ಟು ಯೋಚನೆ? ಮೇಸ್ತ್ರಿ, ಕೇಳಪ್ಪ ಇಲ್ಲಿ. ನಮ್ಮ ದೊರೆಸಾನಿ ಹೆಸರು ಕೇಳದೆ ನೊಣಾನೂ ಓಡಿಸಲ್ಲ."

ಮೇಸ್ತ್ರಿ ನಕ್ಕ. ನಾನು ನಗಲಿಲ್ಲ. ಮಾರನೆಯ ದಿನ ಯಜಮಾನರನ್ನು ಕರೆದುಕೊಂಡು ಇಲಾಖೆಗೆ ಹೋದೆ.

ಅಜ್ಞಾತ ವಿಭಾಗ ಉದ್ದನೆಯ ಮೊಗಸಾಲೆಯ ಕೊನೆಯಲ್ಲಿತ್ತು. ನಾವು ಹೋದಾಗ ಇಬ್ಬರು ಜವಾನರು ಆ ಕೋಣೆಯ ಬೀರುವನ್ನು ಹೊತ್ತು ಹೊರಗೆ ತರುತ್ತಿದ್ದರು. ಒಳಗೆ ಅಧಿಕಾರಿ ತಮ್ಮ ಕುರ್ಚಿಯನ್ನೂ ಒಯ್ಯದಿರಲೆಂದು ಅದನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಕುಳಿತಿದ್ದರು. ಊರಿನ ಗಿಡಗಳೆಲ್ಲ ಗುರುತಾಗಿಬಿಟ್ಟು ಅಜ್ಞಾತವೆಂಬುದೇ ಉಳಿದಿಲ್ಲವಾದ್ದರಿಂದ ಆ ವಿಭಾಗವನ್ನು ಮುಚ್ಚುವಂತೆ ಆದೇಶವಾಗಿತ್ತು.

ನಾನು ವಿಷಯ ಹೇಳಿದೆ. ಅಧಿಕಾರಿ ಎದ್ದು ಹೋಗಿ ಬಾಗಿಲು ಹಾಕಿದರು.

"ನಿಜವಾಗ್ಲೂ ಗೊತ್ತಿಲ್ವಾ, ಮೇಡಂ?"

"ಗೊತ್ತಿಲ್ಲ."

"ಮನೇಲಿ ಬೇರೆ ಯಾರಿಗೂ?"

"ಇಲ್ಲ."

"ಪಕ್ಕದ ಮನೆಯವರಿಗೆ?"

"ನಾವು ಅವರ ಜೊತೆ ಮಾತಾಡುವುದಿಲ್ಲ."

"ತುಂಬಾ ಒಳ್ಳೇದು," ಎಂದರು ಅಧಿಕಾರಿ. ಅವರ ಕಣ್ಣು ತೇವವಾಗಿತ್ತು. ಬಾಗಿಲು ತೆರೆದು, ಬೀರುವನ್ನು ವಾಪಸ್ಸು ತರುವಂತೆ ಜವಾನರಿಗೆ ಕೂಗಿ ಹೇಳಿದರು. ಅಜ್ಞಾತ ಗಿಡ ಒಂದಾದರೂ ಇರುವವರೆಗೆ ವಿಭಾಗವನ್ನು ಮುಚ್ಚುವಂತಿಲ್ಲ, ಮತ್ತು ಸಿಬ್ಬಂದಿಗೆ ಪ್ರತಿ ತಿಂಗಳೂ ಅಜ್ಞಾತ ಭತ್ಯೆ ಸಲ್ಲುತ್ತದೆ ಎಂದು ಆಮೇಲೆ ತಿಳಿಯಿತು.

ನಮ್ಮ ಯಜಮಾನರು ಮೆತ್ತನೆಯ ಮನುಷ್ಯರು. ಬೀರು ವಾಪಸ್ಸು ಬರುವುದನ್ನು ನೋಡಿ ಅವರಿಗೆ ಗಾಬರಿಯಾಯಿತು. "ಸಾರ್, ನಾವು ಹೇಳಿದ್ದನ್ನ ಹಿಂದಕ್ಕೆ ತಗೋಬಹುದಾ? ನಮ್ಮ ತಾಯಿಗೆ ಒಂದು ಕೋಣೆ ಕಟ್ಟಬೇಕಿತ್ತು."

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು," ಎಂದರು ಅಧಿಕಾರಿ.

ಗಾದೆ ಹೇಳುತ್ತಿದ್ದಾರೆ ಎಂದುಕೊಂಡೆ. ಅವರು ಕೈಪಿಡಿಯನ್ನು ನನ್ನ ಕಡೆ ತಿರುಗಿಸಿದರು. ಅದು ಕಲಂ ಆಗಿತ್ತು. ಇಲಾಖೆ ಹೊಸದಾಗಿ ಆರಂಭವಾದಾಗ ನಿಯಮಗಳನ್ನು ಬರೆಯಲು ತಜ್ಞರ ಸಮಿತಿಯೊಂದನ್ನು ನೇಮಿಸಲಾಗಿತ್ತಂತೆ. ಏನು ಬರೆದರೂ ಜನ ತಕರಾರು ತೆಗೆಯುತ್ತಿದ್ದುದರಿಂದ, ಯಾರೂ ತಕರಾರು ತೆಗೆಯದ ಮಾತುಗಳು ಗಾದೆಗಳು ಮಾತ್ರ ಎಂದು ಸಮಿತಿ ಕಂಡುಕೊಂಡು, ಅವುಗಳನ್ನೇ ಕಲಂಗಳಾಗಿ ಅಂಗೀಕರಿಸಿತಂತೆ. ಕ್ರಮ ನನಗೆ ಮೆಚ್ಚುಗೆಯಾಯಿತು. ಭಾಷೆ ಶುದ್ಧವಾಗಿತ್ತು, ಅಚ್ಚಿನ ತಪ್ಪು ಒಂದೂ ಇರಲಿಲ್ಲ.

ಆ ವಾರವೇ ಅಧಿಕಾರಿ ತಮ್ಮ ಸಹಾಯಕನೊಂದಿಗೆ ಸ್ಥಳ ಪರಿಶೀಲನೆಗೆ ಬಂದರು. ಗಿಡದ ಸುತ್ತ ಹಗ್ಗ ಕಟ್ಟಿಸಿ, "ಅಜ್ಞಾತ" ಎಂಬ ಹಲಗೆ ನೆಡಿಸಿದರು. ಹಿತ್ತಲಿನ ಬಟ್ಟೆ ತಂತಿಯನ್ನು ಬಿಚ್ಚಿಸಿದರು. ಒಣಗುವ ಹೊದಿಕೆಗಳ ನೆರಳು ಬಿದ್ದರೆ ಗಿಡದ ಸ್ವಭಾವ ಬದಲಾಗಬಹುದಂತೆ. ಅಂದಿನಿಂದ ಬಟ್ಟೆಗಳನ್ನು ಡ್ರಾಯಿಂಗ್ ರೂಮಿನಲ್ಲಿ, ಅತ್ತೆಯ ಮಂಚದ ಮೇಲ್ಗಡೆ ಒಣಗಿಸತೊಡಗಿದೆವು. ಕೊನೆಗೆ ಅಧಿಕಾರಿ ಬಗ್ಗಿ, ಕಿರುಬೆರಳಿನ ತುದಿಯನ್ನು ಗಿಡದ ಬುಡದ ಮಣ್ಣಿಗೆ ತಾಗಿಸಿ, ಆ ಬೆರಳನ್ನು ನನಗೆ ತೋರಿಸಿ, ಅಡುಗೆಮನೆಯ ಕಡೆ ನೋಡಿದರು.

"ಏನು?" ಎಂದೆ.

"ಕೈ ಕೆಸರಾದರೆ ಬಾಯಿ ಮೊಸರು," ಎಂದ ಸಹಾಯಕ. "ಕಲಂ, ಮೇಡಂ."

ಊಟ ಬಡಿಸಿದೆ. ಸಹಾಯಕನ ಬೆರಳಿಗೂ ಕೆಸರಾಗಿತ್ತು.

ಗಿಡಕ್ಕೆ ನೀರು ಹಾಕಬಹುದೇ ಎಂದು ಯಜಮಾನರು ಕೇಳಿದರು. ಹಾಕಿದರೆ ಗಿಡ ನಮ್ಮದೆಂದು ಒಪ್ಪಿಕೊಂಡಂತೆ, ಹಾಕದೆ ಒಣಗಿಸಿದರೆ ಸಾಕ್ಷ್ಯ ನಾಶಮಾಡಿದಂತೆ ಎಂದು ಅಧಿಕಾರಿ ವಿವರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ನಾನು ಹೇಳಿದೆ ಅಂತ ಹೇಳಬೇಡಿ ಯಜಮಾನ್ರೇ. ಅಲ್ಲಿ ನಿಂತು ಕೈ ತೊಳ್ಕೊಳ್ಳೋದಕ್ಕೆ ಯಾವ ಕಲಮೂ ಅಡ್ಡ ಬರಲ್ಲ."

ಅಂದಿನಿಂದ ನಾವು ಹಿತ್ತಲಿಗೆ ಹೋಗಿ ಕೈ ತೊಳೆಯುತ್ತಿದ್ದೆವು. ಗಿಡ ಚಿಗುರಿತು.

ಇನ್ನು ಗುರುತಿಸುವ ಕೆಲಸ. ಅಜ್ಞಾತ ವಿಭಾಗ ತಾನಾಗಿ ಯಾವ ಗಿಡವನ್ನೂ ಗುರುತಿಸುವುದಿಲ್ಲ. ಗಿಡ ಯಾರದಲ್ಲ ಎಂಬುದನ್ನು ಉಳಿದ ವಿಭಾಗಗಳಿಂದ ತಿಳಿದುಕೊಳ್ಳುತ್ತದೆ. ಆ ತಿಳುವಳಿಕೆಯನ್ನು ಹೊತ್ತು ತಿರುಗುವುದು ಅರ್ಜಿದಾರರ ಕೆಲಸ. ಹೂವಿನ ವಿಭಾಗದವರು ಹೂ ಬಿಟ್ಟ ಮೇಲೆ ಬನ್ನಿ ಎಂದರು. ತರಕಾರಿ ವಿಭಾಗದವರು ಯಾರಾದರೂ ತಿಂದು, ಮಾರನೆಯ ದಿನ ಬದುಕಿದ್ದರೆ ಬನ್ನಿ ಎಂದರು. ಮರದ ವಿಭಾಗದಲ್ಲಿ ಕುಳಿತಿದ್ದವರು ಪತ್ರಿಕೆಯಿಂದ ತಲೆ ಎತ್ತದೆ ಕೇಳಿದರು:

"ಬಗ್ಗಿಸಿದ್ರೆ ಬಗ್ಗುತ್ತಾ?"

"ಬಗ್ಗುತ್ತೆ."

"ಗಿಡವಾಗಿ ಬಗ್ಗದ್ದು ತಾನೇ ಮರವಾಗೋದು? ಇದು ಬಗ್ಗುತ್ತೆ ಅಂದ್ರೆ ನಮ್ಮದಲ್ಲ. ಮುಂದೆ ಹೋಗಿ."

ಕಳೆ ವಿಭಾಗದವರು ಮಾತ್ರ ಆಸಕ್ತಿ ತೋರಿದರು. "ಕಳೆ ಅಂದ್ರೆ ಬೆಳೆ ನಡುವೆ ಇರಬೇಕಲ್ಲಮ್ಮ. ನಿಮ್ಮ ಹಿತ್ತಲಲ್ಲಿ ಬೆಳೆ ಏನಿದೆ?"

"ಒಗೆಯುವ ಕಲ್ಲಿದೆ."

"ಅದು ಬೆಳೆಯಲ್ವಲ್ಲ," ಎಂದರು ಅವರು, ನಿಜವಾದ ಬೇಸರದಿಂದ.

ಉಳಿದದ್ದು ಮದ್ದಿನ ವಿಭಾಗ. ಅಲ್ಲಿನ ಅಧಿಕಾರಿಣಿಗೆ ಕೆಮ್ಮು. ನಾನು ಬಾಯಿ ತೆರೆಯುವ ಮೊದಲೇ ಅವರು ತಮ್ಮ ತಲೆಯ ಮೇಲಿದ್ದ ದೊಡ್ಡ ಫಲಕವನ್ನು ತೋರಿಸಿದರು. ಹಿತ್ತಲ ಗಿಡ ಮದ್ದಲ್ಲ, ಎಂದಿತ್ತು.

"ಗಿಡ ಎಲ್ಲಿದೆ?" ಎಂದು ಕೇಳಿದರು.

"ಹಿತ್ತಲಲ್ಲಿ."

"ಓದೋಕೆ ಬರುತ್ತಲ್ವಾ?"

ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಫಲಕವನ್ನು ಇನ್ನೊಮ್ಮೆ ಓದಿ ಹಿಂದಿರುಗಿದೆ.

ಹೀಗೆ ಯಾವ ವಿಭಾಗಕ್ಕೂ ಸೇರದ ಗಿಡವೆಂದು ತೀರ್ಮಾನವಾದ್ದರಿಂದ ಅದರ ಮೇಲೆ ನಿಗಾ ಹೆಚ್ಚಾಯಿತು. ಅಧಿಕಾರಿ ದಿನವೂ ಬರತೊಡಗಿದರು. ಹಿತ್ತಲಲ್ಲಿ ಬಿಸಿಲು, ಆದ್ದರಿಂದ ನಿಗಾ ಇಡುವ ಕೆಲಸ ಡ್ರಾಯಿಂಗ್ ರೂಮಿನಲ್ಲಿ, ಫ್ಯಾನಿನ ಕೆಳಗೆ ನಡೆಯಿತು. ಕ್ರಮೇಣ ಅವರ ಮೇಜು ಬಂತು, ಆಮೇಲೆ ಬೀರು, ಆಮೇಲೆ ಸಹಾಯಕನ ಮೇಜು. ಅತ್ತೆ ಪರದೆಯ ಹಿಂದೆ ಹೋದಾಗ ಇಬ್ಬರೂ ಶಿಸ್ತಿನಿಂದ ಹಂಸಗಳನ್ನು ನೋಡುತ್ತಿದ್ದರು.

"ಹಂಸ ಚೆನ್ನಾಗಿವೆ, ಮೇಡಂ," ಎಂದರು ಅಧಿಕಾರಿ ಒಂದು ದಿನ. "ನೋಡ್ತಾ ನೋಡ್ತಾ ಒಂಥರಾ ಮನೆಯವೇ ಆಗ್ಬಿಟ್ಟಿವೆ."

ಅತ್ತೆ ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಕುಡಿದರೆ ಏಳಬೇಕು, ಎದ್ದರೆ ಪರದೆ, ಪರದೆಯ ಈಚೆ ಸರ್ಕಾರ. ಬೆಳಗಿನ ಕಾಫಿ ಬಿಟ್ಟರು, ಆಮೇಲೆ ಮಜ್ಜಿಗೆ. ತುಟಿ ಒಣಗಿ ಬಿರುಕು ಬಿಟ್ಟಿತು. ಹೀಗೇ ಆದರೆ ಮುರಿದ ಮೂಳೆಯಲ್ಲ, ಬತ್ತಿದ ಮೈಯೇ ಇವರನ್ನು ಒಯ್ಯುತ್ತದೆ ಎಂದು ಡಾಕ್ಟರು ನನಗೆ ಬಾಗಿಲ ಬಳಿ ಹೇಳಿದರು. ನಾನು ಲೋಟ ಹಿಡಿದು ಹೋದರೆ ಅತ್ತೆ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಹಿತ್ತಲಲ್ಲಿ ಮಾತ್ರ ಎಲ್ಲರೂ ತಪ್ಪದೆ ಕೈ ತೊಳೆಯುತ್ತಿದ್ದೆವು. ಗಿಡ ಸೊಂಟದೆತ್ತರ ಬಂದಿತ್ತು.

ಒಂದು ಮಧ್ಯಾಹ್ನ ಯಜಮಾನರು ಅಧಿಕಾರಿಯ ಮೇಜಿನ ಮುಂದೆ ನಿಂತರು. "ಸಾರ್, ಅಮ್ಮ ನೀರು ಕುಡೀತಿಲ್ಲ. ಏನಾದ್ರೂ ದಾರಿ ಹೇಳಿ."

"ಮದ್ದಿನ ವಿಭಾಗ ಒಪ್ಪಿದ್ರೆ ಆಗ್ತಿತ್ತು," ಎಂದರು ಅಧಿಕಾರಿ. "ಆದ್ರೆ ಹಿತ್ತಲ ಗಿಡ. ಕಲಂ ಸ್ಪಷ್ಟವಾಗಿದೆ."

ಮಂಚದಿಂದ, ಒಣಗುತ್ತಿದ್ದ ಹೊದಿಕೆಗಳ ನಡುವಿನಿಂದ, ಅತ್ತೆ ಮಾತಾಡಿದರು. "ಹಿತ್ತಲಲ್ಲಿದ್ರೆ ಮದ್ದಲ್ಲ ಅಂತ ತಾನೇ ನಿಮ್ಮ ರಗಳೆ? ಹಾಗಾದ್ರೆ ಮನೇನೇ ಹಿಂದುಮುಂದು ಮಾಡಿ. ಹೇಗೂ ಇಲ್ಲಿ ಯಾರಿಗೂ ತಲೆ ಮುಂದಕ್ಕಿಲ್ಲ."

ಅತ್ತೆ ಹೇಳಿದ್ದು ಸಿಟ್ಟಿಗೆ. ಯಜಮಾನರು ಅದನ್ನು ಯೋಚಿಸಿ ನೋಡಿದರು. ಅಧಿಕಾರಿ ಯೋಚಿಸಲೂ ಇಲ್ಲ. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, ಹಿತ್ತಲು ಮನೆಯ ಯಾವ ಕಡೆ ಇರಬೇಕು ಎಂದು ಎಲ್ಲೂ ಹೇಳಿಲ್ಲವೆಂದು ದೃಢಪಡಿಸಿದರು.

ನಾನು ಆಕ್ಷೇಪಿಸಿದೆ. ನನ್ನ ಮುಂಬಾಗಿಲು ದೊಡ್ಡ ರಸ್ತೆಗಿದೆ. ಅದರ ಹಿತ್ತಾಳೆಯ ಹಿಡಿಯನ್ನು ನಾನೇ ಉಜ್ಜುತ್ತೇನೆ. ಹಿಂದಿನ ಓಣಿಯಲ್ಲಿರುವುದು ಚರಂಡಿ, ಕಸದ ತೊಟ್ಟಿ, ಮತ್ತು ನಾವು ಮಾತಾಡದ ಪಕ್ಕದ ಮನೆಯವರ ಕೋಳಿಗೂಡು. ಆದರೆ ಆಕ್ಷೇಪಣೆಗೆ ಯಾವ ಗಾದೆಯೂ ನನಗೆ ತಕ್ಷಣ ಹೊಳೆಯಲಿಲ್ಲ. ಪ್ರಕಟಣೆ ಹೊರಬಿತ್ತು.

"ಸಾರ್ವಜನಿಕರ ಗಮನಕ್ಕೆ. ಸದರಿ ಮನೆಯ ಹಿಂಭಾಗವನ್ನು ಇನ್ನು ಮುಂದೆ ಮುಂಭಾಗವೆಂದೂ, ಮುಂಭಾಗವನ್ನು ಹಿಂಭಾಗವೆಂದೂ ಭಾವಿಸತಕ್ಕದ್ದು. ಭಾವಿಸದವರ ಮೇಲೆ ಕ್ರಮ ಜರುಗಿಸಲಾಗುವುದು. ಮನೆಯ ಒಳಗಿರುವವರು ತಮ್ಮ ಅನುಕೂಲದಂತೆ ತಿರುಗಿ ನಿಲ್ಲಬಹುದು."

ಮನೆಯ ಸಂಖ್ಯೆಯ ಫಲಕ, ಕರೆಗಂಟೆ, ಅಂಚೆಪೆಟ್ಟಿಗೆ ಎಲ್ಲವನ್ನೂ ಓಣಿಯ ಕಡೆಗೆ ಹಾಕಲಾಯಿತು. ಅಂಚೆಯವನು ಚರಂಡಿ ದಾಟಿ ಬಂದು, "ಈ ಕಡೆ ಗಾಳಿ ಚೆನ್ನಾಗಿದೆ ಅಮ್ಮ," ಎಂದ. ಕೆಮ್ಮಿನ ಅಧಿಕಾರಿಣಿ ಕಸದ ತೊಟ್ಟಿಯ ಪಕ್ಕದಿಂದ ಒಳಗೆ ಬಂದು, ಅಂಗಳದಲ್ಲಿ ಗಿಡವನ್ನು ಕಂಡು, ಮದ್ದು ಎಂದು ಘೋಷಿಸಿದರು. ಅದಕ್ಕೆ "ಮುಂಬಾಗಿಲ ಮದ್ದು" ಎಂದು ಹೆಸರಾಯಿತು.

"ಯಾವ ಕಾಯಿಲೆಗೆ?" ಎಂದು ಕೇಳಿದೆ.

"ಅದಿನ್ನೂ ಗೊತ್ತಿಲ್ಲ," ಎಂದು ಅವರು ಕೆಮ್ಮಿದರು.

ಅಜ್ಞಾತ ವಿಭಾಗದ ಅಧಿಕಾರಿಯ ಮುಖ ಅರಳಿದ್ದು ಆಗ. ಗಿಡ ಗೊತ್ತಾದರೂ ಕಾಯಿಲೆ ಗೊತ್ತಿಲ್ಲವಾದ್ದರಿಂದ ಅಜ್ಞಾತ ಭತ್ಯೆ ಮುಂದುವರಿಯಿತು; ಮದ್ದಿನ ವಿಭಾಗದ ಭತ್ಯೆಯೂ ಜೊತೆಗೆ ಸೇರಿತು. ಎರಡೂ ವಿಭಾಗಗಳು ಪರಸ್ಪರ ಅಭಿನಂದಿಸಿಕೊಂಡವು.

ನಾನು ಮೇಸ್ತ್ರಿಯನ್ನು ಕರೆಸಿದೆ. ಗಿಡದ ಗುರುತಾಗಿದೆ, ಕಿತ್ತು ಕೋಣೆ ಕಟ್ಟು ಎಂದೆ.

"ಮದ್ದಿನ ಗಿಡವನ್ನ ಕೀಳೋದೇ?" ಎಂದರು ಅಧಿಕಾರಿ. "ಅದರ ಸುತ್ತಮುತ್ತ ಗುದ್ದಲಿ ತಾಗೋ ಹಾಗಿಲ್ಲ ಮೇಡಂ. ಅಷ್ಟಕ್ಕೂ ಯಾರಾದ್ರೂ ಮುಂದಿನ ಅಂಗಳದಲ್ಲಿ ಬಚ್ಚಲು ಕಟ್ತಾರಾ? ನಿಮ್ಮ ಪರವಾನಗೀಲಿ ಏನಿದೆ?"

ಮನೆಯ ಹಿಂಭಾಗದಲ್ಲಿ ಬಚ್ಚಲು ಸಹಿತ ಕೋಣೆ, ಎಂದಿತ್ತು.

ಎಲ್ಲರೂ ನಿಧಾನವಾಗಿ ತಿರುಗಿ ಈಗ ಹಿಂಭಾಗವಾಗಿದ್ದ ನನ್ನ ಡ್ರಾಯಿಂಗ್ ರೂಮನ್ನು ನೋಡಿದರು. ಅತ್ತೆ ಮಂಚದ ಮೇಲೆ ಎದ್ದು ಕುಳಿತರು.

"ಗೋಡೆ ಎಲ್ಲಾ ರೆಡಿ ಇದೆ," ಎಂದ ಮೇಸ್ತ್ರಿ. "ಒಂದು ಅಡ್ಡಗೋಡೆ, ಒಂದು ಕೊಳಾಯಿ. ಕೆಲಸ ಸಲೀಸು."

ನಾನು ಕಾನೂನಿಗೆ ಎದುರಾಡಿದವಳಲ್ಲ. ಮೇಸ್ತ್ರಿ ನನ್ನ ಹಿತ್ತಾಳೆ ಹಿಡಿಯ ಬಾಗಿಲನ್ನು ಕಿತ್ತು, ಆ ಜಾಗಕ್ಕೆ ಇಟ್ಟಿಗೆ ತುಂಬಿಸಿದ. ಹೊಸ ಹಿತ್ತಲು ದೊಡ್ಡ ರಸ್ತೆಗೆ ತೆರೆದಿರುವುದು ಮರ್ಯಾದೆಯಲ್ಲವೆಂದು ಗೇಟಿಗೂ ಗೋಡೆ ಎಬ್ಬಿಸಿ, ಆ ಗೋಡೆಗೂ ಮನೆಗೂ ನಡುವೆ ಉಳಿದ ತುಂಡು ನೆಲಕ್ಕೆ ಕೋಣೆಯಿಂದಲೇ ಒಂದು ಸಣ್ಣ ಬಾಗಿಲಿಟ್ಟ. ಇಲಾಖೆಯ ಮೇಜುಗಳು ಅಡುಗೆಮನೆಗೆ ಬಂದವು. ಷೋಕೇಸಿಗೆ ಎಲ್ಲೂ ಜಾಗವಿರಲಿಲ್ಲ. ಹಂಸಗಳನ್ನು ಅಧಿಕಾರಿ ರಕ್ಷಣೆಯ ದೃಷ್ಟಿಯಿಂದ ತಮ್ಮ ಮನೆಗೆ ಒಯ್ದರು. ಅಡುಗೆಮನೆಗೂ ಕೋಣೆಗೂ ನಡುವೆ ಗಟ್ಟಿಯಾದ ಮರದ ಬಾಗಿಲು ನಿಂತಿತು. ಅದರ ಒಳಮೈಗೆ ಚಿಲಕ. ಹಾಕುವ ಮುಂಚೆ ಮೇಸ್ತ್ರಿ ಅದನ್ನು ಅತ್ತೆಯ ಕೈಗೆ ಕೊಟ್ಟ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದರು.

ಎಲ್ಲ ಮುಗಿದು ಸ್ವಲ್ಪ ಕಾಲದ ಮೇಲೆ ಮೇಸ್ತ್ರಿ ಸುಣ್ಣ ಬಳಿಯಲು ಬಂದವನು ಅತ್ತೆಯ ಕೋಣೆಯ ಆಚೆಗಿನ ತುಂಡು ನೆಲದಲ್ಲಿ ನಿಂತು ಕೂಗಿದ. "ಅಮ್ಮಾ, ಇದ್ಯಾವ ಗಿಡ?"

ಹೋಗಿ ನೋಡಿ ಬಂದೆ. ಅಗಲವಾದ ಎಲೆ, ಗರಗಸದಂತಹ ಅಂಚು, ಬೆನ್ನಿಗೆ ಸಣ್ಣ ತುಪ್ಪಳ. ಅಡುಗೆಮನೆಯಲ್ಲಿ ಬೆರಳಿಗೆ ಕೆಸರು ಮಾಡಿಕೊಂಡು ಊಟಕ್ಕೆ ಕುಳಿತಿದ್ದ ಅಧಿಕಾರಿಗೂ ಆ ಕೂಗು ಕೇಳಿಸಿತು.

"ಅದು ಮುಂಬಾಗಿಲ ಮದ್ದೇ," ಎಂದೆ ನಾನು, ಗಟ್ಟಿಯಾಗಿ. "ಗೊತ್ತಿರುವ ಗಿಡ."

"ಹೇಗಾಗುತ್ತೆ ಮೇಡಂ?" ಎಂದರು ಅಧಿಕಾರಿ ಕೈ ತೊಳೆಯಲು ಅಂಗಳಕ್ಕೆ ಹೋಗುತ್ತಾ. "ಅದು ಮುಂದಿದೆ, ಇದು ಹಿಂದಿದೆ. ಹಿತ್ತಲ ಗಿಡ. ಮದ್ದಾಗೋಕೆ ಸಾಧ್ಯವೇ ಇಲ್ಲ. ಅಂದ್ರೆ ಇದು ಬೇರೆ. ಇದು ಅಜ್ಞಾತ." ಅವರ ಕಣ್ಣು ಮತ್ತೆ ತೇವವಾಯಿತು. ಸಹಾಯಕ ಆಗಲೇ ಹಗ್ಗವನ್ನೂ ಹಲಗೆಯನ್ನೂ ಬೀರುವಿನಿಂದ ತೆಗೆಯುತ್ತಿದ್ದ.

ಮೇಸ್ತ್ರಿ ಸುಣ್ಣದ ಬಕೀಟು ಹಿಡಿದು ಅಡುಗೆಮನೆಗೆ ಬಂದ. ಅವನ ಹಿಂದೆಯೇ ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಕೈ ತೊಳೆದು ಬಂದ ಅಧಿಕಾರಿ ಬಾಗಿಲು ತಟ್ಟಿದರು. "ಅಜ್ಜೀ, ಬಾಗಿಲು ತೆಗೀರಿ. ಸ್ಥಳ ಪರಿಶೀಲನೆ. ಗಿಡಕ್ಕೆ ಬೇರೆ ದಾರಿ ಇಲ್ಲ."

"ನಾನು ಒಳಗಿದ್ದೀನಿ," ಎಂದರು ಅತ್ತೆ.

"ಯಾವ ಕಲಂ ಪ್ರಕಾರ ಬಾಗಿಲು ಹಾಕಿದ್ದೀರಿ ಅಂತ ಹೇಳ್ಬೇಕಾಗುತ್ತೆ."

ಅತ್ತೆಯ ದನಿ ನಿಧಾನವಾಗಿ, ಪ್ರತಿ ಪದವೂ ಬಿಡಿಬಿಡಿಯಾಗಿ, ಬಾಗಿಲ ಸಂದಿನಿಂದ ಬಂತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

ಅಧಿಕಾರಿ ಕೈಪಿಡಿ ತಿರುವಿದರು. ವಾಸದ ಹಕ್ಕುಗಳು ಎಂಬ ಭಾಗದಲ್ಲಿ ಅದು ಇತ್ತು, ಅಚ್ಚಿನ ತಪ್ಪಿಲ್ಲದೆ. ಅವರು ಕೈಪಿಡಿಯನ್ನು ಮುಚ್ಚಿ, ಬಾಗಿಲಿಗೆ ತಲೆ ಬಾಗಿಸಿ, ನನ್ನ ಕಡೆ ತಿರುಗಿದರು.

"ಈಗ ನಡೀತಿರೋದು ಅವರ ಕಾಲ, ಮೇಡಂ. ಗಿಡ ಒಳಗಿದೆ ಅಂತ ಇಲ್ಲಿಂದಲೇ ನಿಗಾ ಇಡ್ತೀವಿ. ನಿಮ್ಮ ಕಾಲ ಬಂದಾಗ ಇಲಾಖೆ ತಿಳಿಸುತ್ತೆ."

"ಅದು ಸುಮಾರು ಯಾವಾಗ?" ಎಂದು ಕೇಳಿದೆ. ಇಂಥ ವಿಷಯಗಳಲ್ಲಿ ನಿಖರವಾಗಿರುವುದು ಒಳ್ಳೆಯದು.

"ತಾಳಿದವನು ಬಾಳಿಯಾನು," ಎಂದರು ಅಧಿಕಾರಿ. ಅದೂ ಕಲಂ.

ಈಗ ನಮ್ಮಲ್ಲಿಗೆ ಬರುವವರು ಕಸದ ತೊಟ್ಟಿಯ ಕಡೆಯಿಂದ ಬಂದು, ಮುಂಬಾಗಿಲ ಮದ್ದಿನ ಬುಡದಲ್ಲಿ ಕೈ ತೊಳೆದು, ಒಗೆಯುವ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತಾರೆ. ನೋಡಲು ಹಂಸಗಳಿಲ್ಲವಾದ್ದರಿಂದ ಕೋಳಿಗಳನ್ನು ನೋಡುತ್ತಾರೆ. ಕಲ್ಲನ್ನು ನಾನೇ ದಿನವೂ ಉಜ್ಜುತ್ತೇನೆ. ಅದಕ್ಕೂ ಒಂದು ಹೊಳಪು ಬರುತ್ತಿದೆ. ಅದನ್ನು ಅತ್ತೆ ಕಲ್ಲು ಎನ್ನುತ್ತಾರೆ. ಅದು ಡ್ರಾಯಿಂಗ್ ರೂಮು.

ಆ ದಿನ ಅಧಿಕಾರಿಯ ಮಾತು ಮುಗಿದ ಮೇಲೆ ಬಾಗಿಲಿನ ಒಳಗಿನಿಂದ ಅತ್ತೆ ನನ್ನನ್ನು ಕರೆದರು.

"ದೊರೆಸಾನಿ, ಇದ್ದೀಯಾ?"

"ಇದ್ದೇನೆ, ಅತ್ತೆ."

"ಕಿಟಕೀಲಿ ಒಂದು ಚೊಂಬು ನೀರು ಕೊಡಮ್ಮ. ದೊಡ್ಡ ಚೊಂಬಲ್ಲೇ ಕೊಡು."

ಕೊಟ್ಟೆ. ಅವರು ಕುಡಿಯುವ ಗಟಗಟ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಅಧಿಕಾರಿಯೂ ಸಹಾಯಕನೂ ಗೌರವದಿಂದ ಎದ್ದು ನಿಂತರು. ಚೊಂಬು ಖಾಲಿಯಾಗಿ ಕಿಟಕಿಯಿಂದ ಹೊರಗೆ ಬಂತು.

"ಇನ್ನೊಂದು," ಎಂದರು ಅತ್ತೆ.